ರೂಪ ಒಂದೇ, ಕುಲ ಬೇರೆ

ಮದುವೆ ಮನೆಯಲ್ಲಿ ಗುರುತಿಲ್ಲದ ಹುಡುಗನೊಬ್ಬನನ್ನು ನೋಡಿ ಅಜ್ಜಿಯರು, ‘ಮೂಗು ನೋಡಿದರೆ ನಮ್ಮ ಕಡೆಯವನೇ ಇರಬೇಕು’ ಎನ್ನುವುದುಂಟು. ಎಷ್ಟೋ ಸಲ ಆ ಊಹೆ ನಿಜವಾಗುತ್ತದೆ. ಕೆಲವು ಸಲ ಹುಡುಗ ಬೀಗರ ಪಕ್ಕದ ಮನೆಯವನಾಗಿರುತ್ತಾನೆ! ಪ್ರಾಣಿಗಳಲ್ಲಿ ಯಾರು ಯಾರಿಗೆ ನೆಂಟರು ಎಂದು ಹುಡುಕುವ ವಿಜ್ಞಾನಿಗಳಿಗೂ ಇದೇ ಪೇಚಾಟ. ಹೋಲಿಕೆ ಇದ್ದರೆ ನೆಂಟಸ್ತಿಕೆ ಇರಲೇಬೇಕೇ? ಈ ಪ್ರಶ್ನೆಗೆ ಒಳ್ಳೆಯ ಪಾಠ ಹೇಳಿಕೊಟ್ಟವರು ಇಬ್ಬರು: ಸಾಲಮಾಂಡರ್ ಮತ್ತು ಏಡಿ.

ಗಾಜಿನಂತಾದ ಕೈ

ಸಾಲಮಾಂಡರ್ ನೋಡಲು ಹಲ್ಲಿಯಂತೆಯೇ ಇರುತ್ತದೆ. ಆದರೆ ಮೈಮೇಲೆ ಹುರುಪೆಗಳಿಲ್ಲ, ಚರ್ಮ ನುಣುಪು, ತೇವ. ಅದು ಕಪ್ಪೆಯ ಹಾಗೆ ಉಭಯವಾಸಿ. ನಮ್ಮ ರಾಜ್ಯದಲ್ಲಿ ಸಾಲಮಾಂಡರ್ ಇಲ್ಲ. ಉತ್ತರ ಅಮೆರಿಕದ ಕಾಡು, ಕೊಳಗಳಲ್ಲಿ ಅದರ ಬಗೆಗಳು ಬಹಳ.

ಕ್ಯಾಲಿಫೋರ್ನಿಯದ ಒಂದು ಕೊಳ ಒಮ್ಮೆ ಭಾರಿ ಚಳಿಗೆ ಹೆಪ್ಪುಗಟ್ಟಿತು. ಅಲ್ಲಿದ್ದ ‘ಒರಟು ಚರ್ಮದ ನ್ಯೂಟ್’ ಎಂಬ ಸಾಲಮಾಂಡರ್‌ಗಳು ರಾಶಿರಾಶಿಯಾಗಿ ಸತ್ತವು. ಅವುಗಳ ದೇಹಗಳನ್ನು ವಿಜ್ಞಾನಿಗಳು ಜೋಪಾನವಾಗಿ ಸಂಗ್ರಹಿಸಿದರು. ಒಂದೇ ಕೊಳದ, ಒಂದೇ ಜಾತಿಯ ಇಷ್ಟೊಂದು ಕಾಡುಜೀವಿಗಳ ಎಲುಬು ನೋಡುವ ಅವಕಾಶ ಸುಲಭಕ್ಕೆ ಸಿಗುವುದಿಲ್ಲ.

ಇಷ್ಟು ಚಿಕ್ಕ ಪ್ರಾಣಿಯ ಎಲುಬನ್ನು ಕೊಯ್ದು ತೆಗೆದರೆ ಪುಡಿಯಾಗಿಬಿಡುತ್ತದೆ. ಅದಕ್ಕೊಂದು ಸುಂದರ ಉಪಾಯವಿದೆ. ದೇಹವನ್ನು ಎರಡು ಬಣ್ಣಗಳಲ್ಲಿ ನೆನೆಸುತ್ತಾರೆ. ಒಂದು ಬಣ್ಣ ಮೆದು ಎಲುಬಿಗೆ ಅಂಟಿ ಅದನ್ನು ನೀಲಿ ಮಾಡುತ್ತದೆ. ಇನ್ನೊಂದು ಗಟ್ಟಿ ಎಲುಬಿಗೆ ಅಂಟಿ ಅದನ್ನು ಕೆಂಪು ಮಾಡುತ್ತದೆ. ಮಾಂಸವನ್ನು ರಾಸಾಯನಿಕಗಳಿಂದ ತಿಳಿಯಾಗಿಸಿ ಗ್ಲಿಸರಿನ್‌ನಲ್ಲಿ ಇಟ್ಟರೆ ದೇಹವೆಲ್ಲ ಗಾಜಿನಂತಾಗುತ್ತದೆ. ಒಳಗೆ ಕೆಂಪು, ನೀಲಿ ಅಸ್ಥಿಪಂಜರ ಇದ್ದ ಜಾಗದಲ್ಲೇ ಇದ್ದಂತೆ ಕಾಣುತ್ತದೆ.

ನೀಲ್ ಶುಬಿನ್, ಡೇವಿಡ್ ವೇಕ್ ಮತ್ತು ಸಂಗಡಿಗರು ನಾನೂರಕ್ಕೂ ಹೆಚ್ಚು ನ್ಯೂಟ್‌ಗಳ ಕೈಕಾಲುಗಳನ್ನು ಪರೀಕ್ಷಿಸಿ 1995ರಲ್ಲಿ ವರದಿ ಪ್ರಕಟಿಸಿದರು. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರಲಿಲ್ಲ. ಕೆಲವುಗಳ ಮಣಿಕಟ್ಟಿನಲ್ಲಿ, ಹರಡಿನಲ್ಲಿ ಅಕ್ಕಪಕ್ಕದ ಎಲುಬುಗಳು ಕೂಡಿಕೊಂಡು ಒಂದೇ ಆಗಿದ್ದವು. ಸ್ವಾರಸ್ಯವೆಂದರೆ, ಈ ವ್ಯತ್ಯಾಸಗಳು ಮನಬಂದಂತೆ ಇರಲಿಲ್ಲ. ಈ ಕೊಳದ ನ್ಯೂಟ್‌ಗಳಲ್ಲಿ ಅಪರೂಪಕ್ಕೆ ಕಂಡ ಜೋಡಣೆಯೇ ಬೇರೆ ಜಾತಿಯ ಸಾಲಮಾಂಡರ್‌ಗಳಲ್ಲಿ ಮಾಮೂಲಿನ ಜೋಡಣೆಯಾಗಿತ್ತು!

ಇದಕ್ಕೆ ಕಾರಣ, ಮರಿ ಬೆಳೆಯುವಾಗ ಕೈಕಾಲಿನ ಎಲುಬುಗಳು ಒಂದು ಗೊತ್ತಾದ ಕ್ರಮದಲ್ಲಿ ಮೂಡುತ್ತವೆ. ಆ ಕ್ರಮವನ್ನು ನಡೆಸುವುದು ವಂಶವಾಹಿಗಳು. ಕ್ರಮ ಚೂರು ಬದಲಾದರೂ ಆಗಬಹುದಾದ ರೂಪಗಳು ಕೆಲವೇ ಕೆಲವು. ಹಾಗಾಗಿ ದೂರದೂರದ ಜೀವಿಗಳಲ್ಲೂ ಒಂದೇ ರೂಪ ಮತ್ತೆ ಮತ್ತೆ ಹುಟ್ಟುತ್ತದೆ. ಕೈ ಒಂದೇ ತರಹ ಇದೆ ಎಂದ ಮಾತ್ರಕ್ಕೆ ಕುಲ ಒಂದೇ ಎನ್ನುವಂತಿಲ್ಲ.

ಏಡಿಯ ವೇಷ

ಏಡಿಗೆ ಒಳಗೆ ಎಲುಬಿಲ್ಲ. ಅದರ ಅಸ್ಥಿಪಂಜರ ಹೊರಗಿನ ಚಿಪ್ಪೇ. ಕೈಟಿನ್ ಎಂಬ ವಸ್ತುವಿಗೆ ಸುಣ್ಣದ ಅಂಶ ಸೇರಿ ಅದು ಗಟ್ಟಿಯಾಗಿರುತ್ತದೆ. ಚಿಪ್ಪು ದೇಹದ ಜೊತೆ ಬೆಳೆಯದು. ಅದಕ್ಕೇ ಏಡಿ ಆಗಾಗ ಹಳೆಯ ಚಿಪ್ಪು ಕಳಚಿ ಹೊಸದನ್ನು ತೊಡುತ್ತದೆ. ಹಳ್ಳದ ದಂಡೆಯಲ್ಲಿ ಸಿಗುವ ಟೊಳ್ಳು ಏಡಿ ಎಷ್ಟೋ ಸಲ ಸತ್ತ ಏಡಿಯಲ್ಲ, ಅದು ಬಿಟ್ಟುಹೋದ ಅಂಗಿ.

ಉತ್ತರದ ತಣ್ಣನೆಯ ಕಡಲುಗಳಲ್ಲಿ ‘ಕಿಂಗ್ ಕ್ರ್ಯಾಬ್’ ಎಂಬ ದೈತ್ಯ ಜೀವಿಯಿದೆ. ಯಾರು ನೋಡಿದರೂ ಏಡಿ ಎಂದೇ ಹೇಳುತ್ತಾರೆ. ಆದರೆ ಕಾಲು ಎಣಿಸಿ ನೋಡಿ. ನಮ್ಮ ಏಡಿಗೆ ಒಂದು ಜೊತೆ ಕೊಂಡಿ, ನಾಲ್ಕು ಜೊತೆ ಕಾಲು. ಕಿಂಗ್ ಕ್ರ್ಯಾಬ್‌ಗೆ ಕಾಣುವುದು ಮೂರೇ ಜೊತೆ ಕಾಲು. ನಾಲ್ಕನೆಯ ಜೊತೆ ಚಿಕ್ಕದಾಗಿ ಚಿಪ್ಪಿನ ಒಳಗೆ ಮಡಚಿಕೊಂಡಿರುತ್ತದೆ. ಹೆಣ್ಣಿನ ಹೊಟ್ಟೆಯ ಭಾಗವಂತೂ ಎರಡೂ ಕಡೆ ಸಮನಾಗಿರದೆ ಒಂದು ಬದಿಗೆ ಸೊಟ್ಟಗಿರುತ್ತದೆ.

ಸೊಟ್ಟ ಹೊಟ್ಟೆ ಯಾರದು? ಖಾಲಿ ಶಂಖದೊಳಗೆ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿಯದು! ಶಂಖದ ಸುರುಳಿಗೆ ತಕ್ಕಂತೆ ಅದರ ಹೊಟ್ಟೆ ಬಾಗಿರುತ್ತದೆ. 1992ರಲ್ಲಿ ಅಮೆರಿಕದ ವಿಜ್ಞಾನಿಗಳು ಇವುಗಳ ಡಿಎನ್‌ಎ ಹೋಲಿಸಿ ನೋಡಿದರು. ಕಿಂಗ್ ಕ್ರ್ಯಾಬ್ ಹುಟ್ಟಿದ್ದು ಸನ್ಯಾಸಿ ಏಡಿಗಳ ಕುಲದಲ್ಲೇ ಎಂದು ತಿಳಿಯಿತು. ಶಂಖದ ಮನೆ ತೊರೆದ ಸನ್ಯಾಸಿಯ ವಂಶ ರಾಜನಾಗಿತ್ತು. ಆದರೂ ಹಳೆಯ ಮನೆಯ ಗುರುತು ಮೈಯಲ್ಲಿ ಉಳಿದಿತ್ತು. ಹೊರಗಿನ ರೂಪ ದಾರಿ ತಪ್ಪಿಸಿದರೆ, ಚಿಪ್ಪಿನ ಸೂಕ್ಷ್ಮ ವಿವರ ಸುಳಿವು ಕೊಟ್ಟಿತು, ವಂಶವಾಹಿ ಸಾಕ್ಷಿ ಹೇಳಿತು.

ನಮ್ಮ ಗುಡ್ಡದ ಏಡಿಗಳು

ಇದನ್ನೆಲ್ಲ ತಿಳಿದು ಏನಾಗಬೇಕು ಎನ್ನಬಹುದು. ಆಗಬೇಕಾದದ್ದು ಬಹಳ ಇದೆ. ಡಾರ್ಜಿಲಿಂಗ್ ಬೆಟ್ಟಗಳ ಸಾಲಮಾಂಡರ್ ಬೇರೆ ದೇಶಗಳಲ್ಲೂ ಇರುವ ಜಾತಿಯೇ ಎಂದು ಬಹುಕಾಲ ನಂಬಲಾಗಿತ್ತು. 2015ರಲ್ಲಿ ಪೂರ್ವ ಹಿಮಾಲಯದ ಆ ಜೀವಿಗೆ ಪ್ರತ್ಯೇಕ ಜಾತಿಯೆಂದು ಹೊಸ ಹೆಸರು ಬಂತು. ‘ಇಲ್ಲಿ ಹೋದರೇನು, ಬೇರೆಡೆ ಇದೆಯಲ್ಲ’ ಎಂಬ ಮಾತು ಅಲ್ಲಿಗೆ ಮುಗಿಯಿತು.

ನಮ್ಮ ಪಶ್ಚಿಮ ಘಟ್ಟದ ಏಡಿಗಳದ್ದೂ ಇಂಥದೇ ಕಥೆ. ಕಡಲ ಏಡಿಯ ಮರಿಗಳು ನೀರಿನಲ್ಲಿ ತೇಲುತ್ತ ದೂರ ಹೋಗುತ್ತವೆ. ಸಿಹಿನೀರಿನ ಏಡಿಯ ಮರಿಗಳು ಹಾಗಲ್ಲ. ಮೊಟ್ಟೆಯಿಂದ ಪುಟ್ಟ ಏಡಿಗಳಾಗಿಯೇ ಹೊರಬಂದು ತಾಯಿಯ ಹೊಟ್ಟೆಗೆ ಅಂಟಿಕೊಂಡಿರುತ್ತವೆ. ದೂರ ಹೋಗಲಾಗದ ಕಾರಣ ಒಂದೊಂದು ಗುಡ್ಡದಲ್ಲಿ ಒಂದೊಂದು ಜಾತಿ ಬೇರೆಯಾಗಿ ಬೆಳೆಯಬಲ್ಲದು. ಉತ್ತರ ಕನ್ನಡದ ಯಲ್ಲಾಪುರದ ಬಳಿ ಸಿಕ್ಕ ಎರಡು ಬಣ್ಣದ ಏಡಿಗೆ 2022ರಲ್ಲಿ ‘ಘಾಟಿಯಾನ ದ್ವಿವರ್ಣ’ ಎಂದು ಹೆಸರಿಟ್ಟರು. ಅಲ್ಲಿಯವರೆಗೆ ವಿಜ್ಞಾನದ ಲೆಕ್ಕದಲ್ಲಿ ಅದು ಇರಲೇ ಇಲ್ಲ. ಹೆಸರು ಬರುವ ಮೊದಲೇ ಒಂದು ಗುಡ್ಡ ಅಗೆದುಹೋದರೆ, ಅಲ್ಲೇನಿತ್ತು ಎಂದು ಹೇಳುವವರೂ ಇರುವುದಿಲ್ಲ.

ಮಕ್ಕಳೇ, ಈ ಮಳೆಗಾಲದಲ್ಲಿ ಹಳ್ಳದ ಬದಿಗೆ ಹೋದರೆ ಅಜ್ಜನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮೂರಲ್ಲಿ ಎಷ್ಟು ಬಗೆಯ ಏಡಿಗಳಿದ್ದವು, ಅವನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಏಡಿ ಸಿಕ್ಕರೆ ಹಿಡಿಯಬೇಡಿ, ಕಾಲು ಎಣಿಸಿ, ಬಣ್ಣ ನೋಡಿ, ಒಂದು ಚಿತ್ರ ತೆಗೆಯಿರಿ. ಕಲ್ಲು ಎತ್ತಿ ನೋಡಿದ್ದರೆ ಅದನ್ನು ಇದ್ದ ಹಾಗೆಯೇ ಮೆಲ್ಲನೆ ಇಟ್ಟುಬಿಡಿ. ಅದರ ಅಡಿಯಲ್ಲಿ ಯಾರದೋ ಮನೆಯಿದೆ.