ಚಾರ್ಟರ್ ಶಾಲೆಯ ಹಿಂದೆ ಯಾರ್ಯಾರಿದ್ದಾರೆ?

"ಚಾರ್ಟರ್" ಎಂಬ ಪದ ಕಾಮರ್ಸ್ ಓದುವ ನಮಗೆ ಹೊಸದಲ್ಲ. ನಮ್ಮ ತರಗತಿಯಲ್ಲಿ ಅರ್ಧದಷ್ಟು ಜನ ಚಾರ್ಟರ್ಡ್ ಅಕೌಂಟೆಂಟ್ ಆಗಬೇಕೆಂದು ಹೊರಟವರೇ. ಭಾರತೀಯರ ಶಿಕ್ಷಣಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತೆಗೆದಿಡಬೇಕು ಎಂದು ಹೇಳಿದ 1813ರ ಚಾರ್ಟರ್ ಕಾಯ್ದೆಯನ್ನು ಹೈಸ್ಕೂಲಿನಲ್ಲೇ ಓದಿದ್ದೇವೆ. ಕನ್ನಡದಲ್ಲಿ ಚಾರ್ಟರ್‌ಗೆ ಸನ್ನದು ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಅದೇ ಪದ "ಸನದ್". ಅಧಿಕಾರ ಇರುವವರು ಬರೆದು, ಸಹಿ ಹಾಕಿ ಕೊಟ್ಟ ಪತ್ರ ಎಂದು ಅರ್ಥ.

ಅಮೆರಿಕದಲ್ಲಿ ಹೀಗೆ ಸನ್ನದು ಪಡೆದು ನಡೆಯುವ ಶಾಲೆಗಳಿವೆ. ಅವುಗಳನ್ನು ಚಾರ್ಟರ್ ಶಾಲೆ ಎಂದು ಕರೆಯುತ್ತಾರೆ. ಮಿನೆಸೋಟಾ ರಾಜ್ಯದಲ್ಲಿರುವ ನನ್ನ ಖಾಲಾ ತಮ್ಮ ಮಗನನ್ನು ಇಂಥದೊಂದು ಶಾಲೆಗೆ ಸೇರಿಸಿದಾಗ ನಮ್ಮ ಅಮ್ಮಿ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಫೀಸೂ ಇಲ್ಲ, ಗವರ್ನಮೆಂಟ್ ಶಾಲೆಯೂ ಅಲ್ಲ ಅಂತೀಯ. ಹಾಗಾದರೆ ಶಾಲೆ ಯಾರದು?" ಖಾಲಾಗೆ ಸರಿಯಾಗಿ ಹೇಳಲು ಆಗಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಚಾರ್ಟರ್ ಶಾಲೆ ಎಂದರೇನು?

ಚಾರ್ಟರ್ ಶಾಲೆ ಸಾರ್ವಜನಿಕ ಶಾಲೆಯೇ. ಸರ್ಕಾರದ ಹಣದಿಂದ ನಡೆಯುತ್ತದೆ, ಮಕ್ಕಳಿಂದ ಫೀಸು ತೆಗೆದುಕೊಳ್ಳುವಂತಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚು ಬಂದರೆ ಲಾಟರಿ ಎತ್ತಬೇಕು. ಆದರೆ ಅದನ್ನು ನಡೆಸುವುದು ಊರಿನ ಶಾಲಾ ಜಿಲ್ಲಾ ಮಂಡಳಿಯಲ್ಲ, ತನ್ನದೇ ಆಡಳಿತ ಮಂಡಳಿ ಇರುವ ಪ್ರತ್ಯೇಕ ಸಂಸ್ಥೆ. ಆ ಸಂಸ್ಥೆಗೆ ಕೆಲವು ನಿಯಮಗಳಿಂದ ವಿನಾಯಿತಿ ಸಿಗುತ್ತದೆ. ಅದಕ್ಕೆ ಬದಲಾಗಿ, ಮಕ್ಕಳು ಇಷ್ಟು ಕಲಿಯುತ್ತಾರೆ, ಲೆಕ್ಕ ಇಷ್ಟು ಚೊಕ್ಕವಾಗಿರುತ್ತದೆ ಎಂದು ಅದು ಒಪ್ಪಂದ ಬರೆದುಕೊಡಬೇಕು. ಒಪ್ಪಂದದ ಅವಧಿ ಸಾಮಾನ್ಯವಾಗಿ ಐದು ವರ್ಷದ ಆಸುಪಾಸು. ಮಾತು ಉಳಿಸಿಕೊಂಡರೆ ನವೀಕರಣ, ಇಲ್ಲದಿದ್ದರೆ ಶಾಲೆ ಮುಚ್ಚಬೇಕು.

ಈ ವಿಚಾರವನ್ನು ರೇ ಬಡ್ಡೆ ಎಂಬ ಪ್ರಾಧ್ಯಾಪಕರು ಮೊದಲು ಮುಂದಿಟ್ಟರು. 1988ರಲ್ಲಿ ಶಿಕ್ಷಕರ ಸಂಘದ ನಾಯಕ ಆಲ್ಬರ್ಟ್ ಶಾಂಕರ್ ಅದನ್ನು ದೇಶದ ಮುಂದೆ ತಂದರು. ಮೊದಲ ಕಾಯ್ದೆ ಬಂದದ್ದು ಮಿನೆಸೋಟಾದಲ್ಲಿ, 1991ರಲ್ಲಿ. ಮರುವರ್ಷ ಅಲ್ಲಿನ ಸೇಂಟ್ ಪಾಲ್ ನಗರದಲ್ಲಿ ಸಿಟಿ ಅಕಾಡೆಮಿ ಎಂಬ ಮೊದಲ ಶಾಲೆ ತೆರೆಯಿತು. ಈಗ ಅಮೆರಿಕದಲ್ಲಿ ಸುಮಾರು 37 ಲಕ್ಷ ಮಕ್ಕಳು ಚಾರ್ಟರ್ ಶಾಲೆಗಳಲ್ಲಿದ್ದಾರೆ.

ಒಂದು ಶಾಲೆ ತಾನೊಂದೇ ನಿಂತು ಇಷ್ಟೆಲ್ಲ ಮಾಡುವುದು ಕಷ್ಟ. ಆದ್ದರಿಂದ ಪ್ರತಿ ಚಾರ್ಟರ್ ಶಾಲೆಯ ಹಿಂದೆ ಹಲವು ಸಂಸ್ಥೆಗಳು ಇರುತ್ತವೆ. ಅವುಗಳನ್ನು ಒಂದೊಂದಾಗಿ ನೋಡೋಣ.

1. ಸನ್ನದು ಕೊಡುವವರು

ಒಪ್ಪಂದಕ್ಕೆ ಎದುರು ಸಹಿ ಹಾಕುವ ಸಂಸ್ಥೆಯನ್ನು "ಆಥರೈಸರ್" ಎನ್ನುತ್ತಾರೆ. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೆಚ್ಚಿನ ಕಡೆ ಶಾಲಾ ಜಿಲ್ಲೆಗಳೇ ಆಥರೈಸರ್. ನ್ಯೂಯಾರ್ಕ್‌ನಲ್ಲಿ ರಾಜ್ಯ ವಿಶ್ವವಿದ್ಯಾಲಯದ ಟ್ರಸ್ಟಿಗಳಿಗೂ ಈ ಅಧಿಕಾರ ಇದೆ. ಮಿಷಿಗನ್‌ನಲ್ಲಿ ಸೆಂಟ್ರಲ್ ಮಿಷಿಗನ್ ವಿಶ್ವವಿದ್ಯಾಲಯ ಅನೇಕ ಶಾಲೆಗಳಿಗೆ ಸನ್ನದು ಕೊಟ್ಟಿದೆ. ಮಿನೆಸೋಟಾದಲ್ಲಿ ಲಾಭರಹಿತ ಸೇವಾ ಸಂಸ್ಥೆಗಳೂ ಆಥರೈಸರ್ ಆಗಬಹುದು.

ಇವರ ಕೆಲಸ ಮೇಲ್ವಿಚಾರಣೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಮಿಷಿಗನ್‌ನಲ್ಲಿ ಆಥರೈಸರ್ ಸಂಸ್ಥೆ ಶಾಲೆಗೆ ಬರುವ ರಾಜ್ಯದ ಅನುದಾನದಲ್ಲಿ ಶೇಕಡ 3ರವರೆಗೆ ಶುಲ್ಕ ಹಿಡಿದುಕೊಳ್ಳಬಹುದು. ಅಂದರೆ ಶಾಲೆ ಮುಚ್ಚಿಸಿದರೆ ಮುಚ್ಚಿಸಿದವರಿಗೂ ಆದಾಯ ನಿಲ್ಲುತ್ತದೆ. ಯಾರ ಲೆಕ್ಕ ತಪಾಸಣೆ ಮಾಡುತ್ತಾರೋ ಅವರಿಂದಲೇ ಆಡಿಟರ್ ಶುಲ್ಕ ಪಡೆಯುವ ಹಳೆಯ ಪ್ರಶ್ನೆ ಇಲ್ಲೂ ಇದೆ.

2. ನಡೆಸುವವರು

ಶಾಲೆಯ ಆಡಳಿತ ಮಂಡಳಿ ದಿನನಿತ್ಯದ ಕೆಲಸವನ್ನು ಬೇರೊಂದು ಸಂಸ್ಥೆಗೆ ವಹಿಸಬಹುದು. ಶಿಕ್ಷಕರ ನೇಮಕ, ಪಠ್ಯ, ಸಂಬಳ, ಲೆಕ್ಕಪತ್ರ ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ. ಇದರಲ್ಲಿ ಎರಡು ಬಗೆ: ಲಾಭರಹಿತ ಸಂಸ್ಥೆಗಳು ಮತ್ತು ಲಾಭಕ್ಕಾಗಿ ಇರುವ ಕಂಪನಿಗಳು.

ಲಾಭರಹಿತ ಬಗೆಗೆ ಹೆಸರಾದದ್ದು ಕಿಪ್. 1994ರಲ್ಲಿ ಹ್ಯೂಸ್ಟನ್ ನಗರದಲ್ಲಿ ಇಬ್ಬರು ಯುವ ಶಿಕ್ಷಕರು ಐದನೇ ತರಗತಿಯ ಮಕ್ಕಳಿಗಾಗಿ ಶುರು ಮಾಡಿದ ಕಾರ್ಯಕ್ರಮ ಅದು. 2000ದಲ್ಲಿ ಗ್ಯಾಪ್ ಬಟ್ಟೆ ಕಂಪನಿಯ ಸ್ಥಾಪಕರಾದ ಡೋರಿಸ್ ಮತ್ತು ಡೊನಾಲ್ಡ್ ಫಿಶರ್ ದಂಪತಿ 1.5 ಕೋಟಿ ಡಾಲರ್ ಕೊಟ್ಟು ಕಿಪ್ ಫೌಂಡೇಶನ್ ಆರಂಭಿಸಿದರು. ಫೌಂಡೇಶನ್ ಮುಖ್ಯವಾಗಿ ಮಾಡಿದ್ದು ಶಾಲೆಗೆ ಮುಖ್ಯಸ್ಥರಾಗುವವರಿಗೆ ತರಬೇತಿ ಕೊಡುವ ಕೆಲಸ. ಆ ಇಬ್ಬರು ಶಿಕ್ಷಕರು ಬಂದದ್ದು ಟೀಚ್ ಫಾರ್ ಅಮೆರಿಕ ಎಂಬ ಸಂಸ್ಥೆಯಿಂದ. ಹೊಸ ಪದವೀಧರರನ್ನು ಎರಡು ವರ್ಷ ಬಡ ಮಕ್ಕಳ ಶಾಲೆಗೆ ಕಳಿಸುವ ಸಂಸ್ಥೆ ಅದು. ಅದೇ ಮಾದರಿಯ ಟೀಚ್ ಫಾರ್ ಇಂಡಿಯಾ ನಮ್ಮ ಬೆಂಗಳೂರಿನಲ್ಲೂ ಕೆಲಸ ಮಾಡುತ್ತಿದೆ.

ಲಾಭದ ಕಂಪನಿಗಳ ಕಥೆ ಬೇರೆ. ಒಹಾಯೊ ರಾಜ್ಯದಲ್ಲಿ ವೈಟ್ ಹ್ಯಾಟ್ ಮ್ಯಾನೇಜ್‌ಮೆಂಟ್ ಎಂಬ ಕಂಪನಿ ಅನೇಕ ಚಾರ್ಟರ್ ಶಾಲೆಗಳನ್ನು ನಡೆಸುತ್ತಿತ್ತು. ಸರ್ಕಾರದಿಂದ ಶಾಲೆಗೆ ಬಂದ ಹಣದಲ್ಲಿ ಶೇಕಡ 95ರಷ್ಟು ಈ ಕಂಪನಿಗೇ ಹೋಗುತ್ತಿತ್ತು. ಅದರಲ್ಲಿ ಕಂಪನಿ ಮೇಜು, ಕುರ್ಚಿ, ಕಂಪ್ಯೂಟರ್ ಖರೀದಿಸಿತು. ಹತ್ತು ಶಾಲೆಗಳ ಆಡಳಿತ ಮಂಡಳಿಗಳು ಕಂಪನಿಯನ್ನು ಬಿಡಲು ಹೊರಟಾಗ ಜಗಳ ಶುರುವಾಯಿತು. ಆ ಸಾಮಾನುಗಳು ನಮ್ಮವು, ಬೇಕಿದ್ದರೆ ಹಣ ಕೊಟ್ಟು ತೆಗೆದುಕೊಳ್ಳಿ ಎಂದಿತು ಕಂಪನಿ. ತೆರಿಗೆ ಹಣದಲ್ಲಿ ಕೊಂಡದ್ದು ಹೇಗೆ ನಿಮ್ಮದಾಗುತ್ತದೆ ಎಂದು ಶಾಲೆಗಳು ಕೋರ್ಟಿಗೆ ಹೋದವು. 2015ರಲ್ಲಿ ಒಹಾಯೊ ಸುಪ್ರೀಂ ಕೋರ್ಟು, ಒಪ್ಪಂದದಲ್ಲಿ ಹಾಗೆ ಬರೆದಿದೆ, ಆಡಳಿತ ಮಂಡಳಿಗಳು ಸಹಿ ಹಾಕಿವೆ, ಆದ್ದರಿಂದ ಕಂಪನಿಯ ಮಾತು ಸರಿ ಎಂದು ತೀರ್ಪು ಕೊಟ್ಟಿತು.

ನನಗೆ ಇದನ್ನು ಓದಿ ಬಹಳ ಹೊತ್ತು ಯೋಚನೆಯಾಯಿತು. ಏಜೆಂಟನು ಮಾಲೀಕನ ಹಣದಲ್ಲಿ ಕೊಂಡದ್ದು ಮಾಲೀಕನ ಆಸ್ತಿ ಎಂದು ನಾವು ತಿಳಿದುಕೊಂಡಿರುತ್ತೇವೆ. ಆದರೆ ಮಾಲೀಕನೇ ಓದದೆ ಸಹಿ ಹಾಕಿದರೆ ಆ ನ್ಯಾಯವೂ ನಿಲ್ಲುವುದಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ ಯಾರ ಕಡೆ ಕೂತಿದೆ ಎಂಬುದು ಮಕ್ಕಳು ನಾಳೆ ಕೂರುವ ಬೆಂಚಿನ ಪ್ರಶ್ನೆಯೂ ಹೌದು.

3. ಹಣ ಮತ್ತು ಕಟ್ಟಡ ಕೊಡುವವರು

ಸರ್ಕಾರ ಪ್ರತಿ ಮಗುವಿನ ಲೆಕ್ಕದಲ್ಲಿ ಕೊಡುವ ಹಣ ಮುಖ್ಯವಾಗಿ ಶಾಲೆ ನಡೆಸಲು. ಆದರೆ ಶಾಲೆ ತೆರೆಯುವ ಮೊದಲೇ ಖರ್ಚು ಇರುತ್ತದೆ. ಅದಕ್ಕೆ 1994ರಲ್ಲಿ ಕೇಂದ್ರ ಸರ್ಕಾರದ ಒಂದು ಅನುದಾನ ಯೋಜನೆ ಬಂತು. ವಾಲ್‌ಮಾರ್ಟ್ ಕುಟುಂಬದ ವಾಲ್ಟನ್ ಫ್ಯಾಮಿಲಿ ಫೌಂಡೇಶನ್ ಕೂಡ ಹೊಸ ಶಾಲೆಗಳಿಗೆ ದೊಡ್ಡ ಮೊತ್ತ ಕೊಡುತ್ತಾ ಬಂದಿದೆ. ಚಾರ್ಟರ್ ಸ್ಕೂಲ್ ಗ್ರೋತ್ ಫಂಡ್ ಎಂಬುದು ದಾನಿಗಳ ಹಣವನ್ನು ಒಟ್ಟುಗೂಡಿಸಿ, ಚೆನ್ನಾಗಿ ನಡೆಯುವ ಶಾಲೆಗಳು ಇನ್ನಷ್ಟು ಶಾಖೆ ತೆರೆಯಲು ಅನುದಾನ ಮತ್ತು ಸಾಲ ಕೊಡುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಕಟ್ಟಡದ್ದು. ಅಲ್ಲಿನ ಶಾಲಾ ಜಿಲ್ಲೆಗಳು ತೆರಿಗೆಯ ಆಧಾರದ ಮೇಲೆ ಬಾಂಡ್ ಹೊರಡಿಸಿ ಕಟ್ಟಡ ಕಟ್ಟುತ್ತವೆ. ಚಾರ್ಟರ್ ಶಾಲೆಗೆ ತೆರಿಗೆ ಹಾಕುವ ಅಧಿಕಾರ ಇಲ್ಲ. ಐದು ವರ್ಷಕ್ಕೆ ಸನ್ನದು ಇರುವ ಶಾಲೆಗೆ ಇಪ್ಪತ್ತು ವರ್ಷದ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ಇಲ್ಲಿ ಲಿಸ್ಕ್‌ನಂತಹ ಸಂಸ್ಥೆಗಳು ಬರುತ್ತವೆ. ಅವು ಸಾಲ ಕೊಡುತ್ತವೆ, ಅಥವಾ ಬ್ಯಾಂಕಿಗೆ ಜಾಮೀನು ನಿಲ್ಲುತ್ತವೆ. ಜಾಮೀನು ಸಿಕ್ಕರೆ ಬ್ಯಾಂಕಿನ ಅಪಾಯ ಕಡಿಮೆ, ಆದ್ದರಿಂದ ಬಡ್ಡಿಯೂ ಕಡಿಮೆ. ಇಂಥ ಜಾಮೀನಿಗಾಗಿಯೇ ಕೇಂದ್ರ ಸರ್ಕಾರದ ಒಂದು ಪ್ರತ್ಯೇಕ ಯೋಜನೆಯೂ ಇದೆ. ನ್ಯೂಯಾರ್ಕ್‌ನ ಸಿವಿಕ್ ಬಿಲ್ಡರ್ಸ್ ಎಂಬ ಲಾಭರಹಿತ ಸಂಸ್ಥೆ ಕಟ್ಟಡಗಳನ್ನೇ ಸಿದ್ಧಪಡಿಸಿ ಶಾಲೆಗಳಿಗೆ ಕೊಡುತ್ತದೆ.

ಕಟ್ಟಡ ಎಷ್ಟು ಮುಖ್ಯ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ತಂಗಿ ನಾಲ್ಕನೇ ತರಗತಿಯಲ್ಲಿದ್ದಾಗ ನಮ್ಮ ಬೀದಿಯ ಒಂದು ಸಣ್ಣ ಖಾಸಗಿ ಶಾಲೆ ಮುಚ್ಚಿತು. ಮೇಷ್ಟ್ರು ಒಳ್ಳೆಯವರು, ಮಕ್ಕಳೂ ಇದ್ದರು. ಬಾಡಿಗೆಯ ಕರಾರು ಮುಗಿದಿತ್ತು, ಮಾಲೀಕರು ಜಾಗ ಬಿಡಿ ಎಂದರು, ಅಷ್ಟೇ. ಅವಳ ಟಿ.ಸಿ. ತರಲು ಅಬ್ಬಾ ಕೆಲಸ ಬಿಟ್ಟು ಮೂರು ಸಲ ಅಲೆದರು. ಅವಳ ಗೆಳತಿಯರಲ್ಲಿ ಇಬ್ಬರು ಆ ವರ್ಷ ಯಾವ ಶಾಲೆಗೂ ಸೇರಲಿಲ್ಲ.

4. ಬೆಂಬಲ ಸಿಕ್ಕರೆ ಏನಾಗುತ್ತದೆ, ತಪ್ಪಿದರೆ ಏನಾಗುತ್ತದೆ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಎಂಬ ಸಂಶೋಧನಾ ಕೇಂದ್ರ ಈ ಶಾಲೆಗಳ ಫಲಿತಾಂಶವನ್ನು ಮೂರು ಸಲ ಅಳೆದಿದೆ. 2009ರ ವರದಿಯಲ್ಲಿ, ಗಣಿತದಲ್ಲಿ ಶೇಕಡ 17 ಚಾರ್ಟರ್ ಶಾಲೆಗಳು ಮಾತ್ರ ಹತ್ತಿರದ ಸಾರ್ವಜನಿಕ ಶಾಲೆಗಳಿಗಿಂತ ಮುಂದಿದ್ದವು. ಶೇಕಡ 37 ಹಿಂದಿದ್ದವು. 2023ರ ವರದಿಯಲ್ಲಿ ಚಿತ್ರ ಬದಲಾಗಿದೆ. ಚಾರ್ಟರ್ ಶಾಲೆಯ ಮಕ್ಕಳು ವರ್ಷಕ್ಕೆ ಓದಿನಲ್ಲಿ 16 ದಿನದಷ್ಟು, ಗಣಿತದಲ್ಲಿ 6 ದಿನದಷ್ಟು ಹೆಚ್ಚು ಕಲಿತಿದ್ದರು. ಅದರಲ್ಲೂ ಒಂದೇ ಸಂಸ್ಥೆಯ ಜಾಲಕ್ಕೆ ಸೇರಿದ ಶಾಲೆಗಳ ಮಕ್ಕಳು ಒಂಟಿ ಶಾಲೆಗಳ ಮಕ್ಕಳಿಗಿಂತ ಮುಂದಿದ್ದರು. ಆನ್‌ಲೈನ್ ಚಾರ್ಟರ್ ಶಾಲೆಗಳ ಮಕ್ಕಳು ಮಾತ್ರ ಬಹಳ ಹಿಂದೆ ಬಿದ್ದಿದ್ದರು. ಬೆನ್ನ ಹಿಂದಿನ ಸಂಸ್ಥೆ ಹೇಗಿದೆ ಎಂಬುದು ತರಗತಿಯವರೆಗೂ ಮುಟ್ಟುತ್ತದೆ ಎಂದು ನನಗೆ ಇದರಿಂದ ಅರ್ಥವಾಯಿತು.

ಬೆಂಬಲ ತಪ್ಪಿದ ಉದಾಹರಣೆ ಮಿನೆಸೋಟಾದಲ್ಲೇ ಇದೆ. ತಾರಿಕ್ ಇಬ್ನ್ ಝಿಯಾದ್ ಅಕಾಡೆಮಿ ಎಂಬ ಚಾರ್ಟರ್ ಶಾಲೆ 2003ರಲ್ಲಿ ಆರಂಭವಾಯಿತು. ಅಲ್ಲಿ ಓದುತ್ತಿದ್ದವರಲ್ಲಿ ಹೆಚ್ಚಿನವರು ಬಡ ವಲಸೆ ಕುಟುಂಬಗಳ ಮಕ್ಕಳು, ಬಹಳಷ್ಟು ಮಂದಿ ಸೊಮಾಲಿಯಾದಿಂದ ಬಂದವರ ಮನೆಯವರು. ಪರೀಕ್ಷೆಯ ಫಲಿತಾಂಶ ಚೆನ್ನಾಗಿತ್ತು. ಅದರ ಆಥರೈಸರ್ ಇಸ್ಲಾಮಿಕ್ ರಿಲೀಫ್ ಯುಎಸ್‌ಎ ಎಂಬ ಸೇವಾ ಸಂಸ್ಥೆ. 2009ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆಯಾದ ಎಸಿಎಲ್‌ಯುವಿನ ಮಿನೆಸೋಟಾ ಘಟಕ ಕೋರ್ಟಿಗೆ ಹೋಯಿತು. ಸಾರ್ವಜನಿಕ ಹಣದ ಶಾಲೆ ಧರ್ಮವನ್ನು ಬೆಂಬಲಿಸುತ್ತಿದೆ ಎಂಬುದು ಅದರ ದೂರು. ಕಟ್ಟಡದ ಬಾಡಿಗೆ ಧಾರ್ಮಿಕ ಸಂಘಟನೆಯೊಂದಕ್ಕೆ ಸಂಬಂಧಿಸಿದವರಿಗೆ ಹೋಗುತ್ತದೆ ಎಂಬುದೂ ಆಕ್ಷೇಪಗಳಲ್ಲಿ ಒಂದು. ಶಾಲೆ ಇದನ್ನೆಲ್ಲ ಅಲ್ಲಗಳೆಯಿತು. ಅದೇ ವರ್ಷ ರಾಜ್ಯದ ಕಾಯ್ದೆ ಬದಲಾಗಿ, ಹೊರರಾಜ್ಯದ ಸಂಸ್ಥೆಗಳು ಆಥರೈಸರ್ ಆಗಿ ಮುಂದುವರಿಯುವಂತಿಲ್ಲ ಎಂದಾಯಿತು. ಇಸ್ಲಾಮಿಕ್ ರಿಲೀಫ್ ಹೊರರಾಜ್ಯದ್ದು. ಹೊಸ ಆಥರೈಸರ್ ಸಿಗದೆ 2011ರಲ್ಲಿ ಶಾಲೆ ಮುಚ್ಚಿತು. ಫಲಿತಾಂಶ ಒಳ್ಳೆಯದಿದ್ದರೂ ಸನ್ನದಿಗೆ ಸಹಿ ಹಾಕುವ ಕೈ ಇಲ್ಲದೆ ಶಾಲೆ ಉಳಿಯಲಿಲ್ಲ.

ನಮ್ಮಲ್ಲಿ ಇದು ಹೀಗಿಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಆಡಳಿತ ಅಲ್ಪಸಂಖ್ಯಾತರ ಕೈಯಲ್ಲಿದೆ ಎಂಬ ಕಾರಣಕ್ಕೆ ಅನುದಾನದಲ್ಲಿ ಭೇದ ಮಾಡಬಾರದು ಎಂದೂ ಹೇಳಿದೆ. ಅಮೆರಿಕದಲ್ಲಿ ಚಾರ್ಟರ್ ಶಾಲೆ ಸಾರ್ವಜನಿಕ ಶಾಲೆಯಾದ್ದರಿಂದ ಧಾರ್ಮಿಕವಾಗಿರುವಂತಿಲ್ಲ. ಒಕ್ಲಹೋಮಾದಲ್ಲಿ ಕ್ಯಾಥೊಲಿಕ್ ಚಾರ್ಟರ್ ಶಾಲೆಯೊಂದನ್ನು ತೆರೆಯುವ ಪ್ರಯತ್ನವನ್ನು ಅಲ್ಲಿನ ರಾಜ್ಯದ ಸುಪ್ರೀಂ ಕೋರ್ಟು 2024ರಲ್ಲಿ ತಡೆಯಿತು. 2025ರಲ್ಲಿ ದೇಶದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 4–4 ಎಂದು ಸಮನಾಗಿ ಒಡೆದದ್ದರಿಂದ ಆ ತಡೆ ಹಾಗೇ ಉಳಿಯಿತು.

ನಾವು ಕೇಳಬೇಕಾದ ಪ್ರಶ್ನೆಗಳು

ಚಾರ್ಟರ್ ಶಾಲೆ ಒಳ್ಳೆಯದೋ ಕೆಟ್ಟದ್ದೋ ಎಂದು ಅಲ್ಲಿ ಮೂವತ್ತು ವರ್ಷದಿಂದ ವಾದ ನಡೆದಿದೆ. ಮಗು ಹೋದಲ್ಲಿಗೆ ಹಣವೂ ಹೋಗುವುದರಿಂದ ಹಳೆಯ ಶಾಲೆಗಳು ಸೊರಗುತ್ತವೆ ಎಂದು ಒಂದು ಕಡೆಯವರು ಹೇಳುತ್ತಾರೆ. ಬಡವರ ಮಕ್ಕಳಿಗೂ ಆಯ್ಕೆ ಬೇಡವೇ ಎಂದು ಇನ್ನೊಂದು ಕಡೆಯವರು ಕೇಳುತ್ತಾರೆ. ಎರಡರಲ್ಲೂ ಹುರುಳಿದೆ. ಆದರೆ ಯಾವ ದೇಶದಲ್ಲೇ ಆಗಲಿ, ಹೊರಗಿನ ಸಂಸ್ಥೆ ಶಾಲೆಗೆ ಕೈಜೋಡಿಸಿದಾಗ ಕಾಮರ್ಸ್ ವಿದ್ಯಾರ್ಥಿ ಕೇಳಬಹುದಾದ ಪ್ರಶ್ನೆಗಳು ಇವು:

• ಒಪ್ಪಂದಕ್ಕೆ ಯಾರು ಯಾರು ಸಹಿ ಹಾಕಿದ್ದಾರೆ? ಅದನ್ನು ಪೋಷಕರು ಓದಬಹುದೇ?
• ಸಾರ್ವಜನಿಕ ಹಣದಲ್ಲಿ ಕೊಂಡ ವಸ್ತು ಯಾರ ಹೆಸರಿನಲ್ಲಿದೆ?
• ಕಟ್ಟಡದ ಮಾಲೀಕರಿಗೂ ಶಾಲೆ ನಡೆಸುವವರಿಗೂ ಸಂಬಂಧ ಇದೆಯೇ?
• ಲೆಕ್ಕ ನೋಡುವವರಿಗೆ ಸಂಬಳ ಎಲ್ಲಿಂದ ಬರುತ್ತದೆ?
• ಬೆಂಬಲ ನಿಂತರೆ ಮಕ್ಕಳು ಎಲ್ಲಿಗೆ ಹೋಗಬೇಕು ಎಂದು ಮೊದಲೇ ಬರೆದಿಟ್ಟಿದ್ದಾರೆಯೇ?

ಕೊನೆಯ ಪ್ರಶ್ನೆ ಹೆಚ್ಚು ಮುಖ್ಯ ಎಂದು ನನ್ನ ಅಭಿಪ್ರಾಯ. ಒಹಾಯೊದ ಇಕಾಟ್ ಎಂಬ ಆನ್‌ಲೈನ್ ಚಾರ್ಟರ್ ಶಾಲೆ 2018ರ ಜನವರಿಯಲ್ಲಿ, ಶೈಕ್ಷಣಿಕ ವರ್ಷದ ನಡುವೆ ಮುಚ್ಚಿದಾಗ ಸುಮಾರು 12,000 ಮಕ್ಕಳು ಬೇರೆ ಶಾಲೆ ಹುಡುಕಬೇಕಾಯಿತು.

ನಮ್ಮ ರಾಜ್ಯದಲ್ಲಿ ಚಾರ್ಟರ್ ಶಾಲೆಗಳಿಲ್ಲ. ಆದರೆ ಪಾಲುದಾರಿಕೆ ಇದೆ. ಶಾಲಾ ಮಕ್ಕಳಿಗೆ ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಲು ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಮೂರು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಇದು ಸಂತೋಷದ ವಿಷಯ. ನಮ್ಮಲ್ಲಿ ಹಲವರ ತಮ್ಮ ತಂಗಿಯರು ಆ ಮೊಟ್ಟೆ ತಿನ್ನುತ್ತಿದ್ದಾರೆ. ಮೂರು ವರ್ಷ ಮುಗಿದ ಮೇಲೆ ಆ ನಾಲ್ಕು ದಿನದ ಮೊಟ್ಟೆ ಯಾರ ಬಜೆಟ್ಟಿನಲ್ಲಿ ಬರುತ್ತದೆ ಎಂದು ಈಗಲೇ ಕೇಳುವುದು ಕೃತಘ್ನತೆ ಅಲ್ಲ. ಕೊಟ್ಟವರ ಉದ್ದೇಶ ಉಳಿಯಬೇಕಾದರೆ ಯಾರಾದರೂ ಕೇಳಲೇಬೇಕು. ಲೆಕ್ಕ ಕಲಿಯುತ್ತಿರುವ ನಾವೇ ಆ ಕೆಲಸವನ್ನು ಶುರು ಮಾಡಬಹುದು.