ಕಾಗೆಬಂಗಾರದ ಬೆಲೆ

ನಮ್ಮ ಮಲೆನಾಡಿನ ಮದುವೆಮನೆಗಳಲ್ಲಿ ವಧುವನ್ನು ಅಲಂಕರಿಸುವುದು ಹಿಂದೆಲ್ಲ ಮನೆಯ ಹಿರಿಯ ಮುತ್ತೈದೆಯರ ಕೆಲಸವಾಗಿತ್ತು. ಹಣೆಗೆ ವಿಭೂತಿ, ಕುಂಕುಮ, ಕಣ್ಣಿಗೆ ಹರಳೆಣ್ಣೆಯ ದೀಪದ ಮಸಿಯನ್ನು ತುಪ್ಪದಲ್ಲಿ ಕಲಸಿದ ಕಾಡಿಗೆ, ಜಡೆಗೆ ಮಲ್ಲಿಗೆ. ಇಷ್ಟಕ್ಕೆ ಶೃಂಗಾರ ಪೂರೈಸುತ್ತಿತ್ತು. ಈಗ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಗಳಲ್ಲಿಯೂ ಬ್ಯೂಟಿ ಪಾರ್ಲರಿನವರು ಪೆಟ್ಟಿಗೆ ಹಿಡಿದು ಮನೆಗೇ ಬರುತ್ತಾರೆ. ಆ ಪೆಟ್ಟಿಗೆಯಲ್ಲಿ ಕಣ್ಣುರೆಪ್ಪೆಯ ಮೇಲೆ ಹಚ್ಚುವ ಐಶ್ಯಾಡೋ ಎಂಬ ಬಣ್ಣಗಳ ಸಾಲೇ ಇರುತ್ತದೆ. ಅವುಗಳಲ್ಲಿ ಒಂದು ಬಗೆ ವಿಚಿತ್ರವಾದುದು. ನೇರವಾಗಿ ನೋಡಿದರೆ ನೇರಳೆ, ಮುಖವನ್ನು ತುಸು ತಿರುಗಿಸಿದರೆ ಹಸಿರು.

ಮೂಡಿಗೆರೆಯಲ್ಲಿ ಶಿವಾನುಭವ ಗೋಷ್ಠಿಯೊಂದು ಮುಗಿದ ಬಳಿಕ ತಾಯಿಯೊಬ್ಬರು ಮಗಳೊಡನೆ ಬಂದು ಇಂತಹ ಎರಡು ಡಬ್ಬಿಗಳನ್ನು ನನ್ನ ಮುಂದಿಟ್ಟರು. "ಗುರುಗಳೇ, ಎರಡೂ ಒಂದೇ ಥರ ಹೊಳೆಯುತ್ತವೆ. ಒಂದಕ್ಕೆ 180 ರೂಪಾಯಿ, ಇನ್ನೊಂದಕ್ಕೆ 1,450. ಮದುವೆಗೆ ದುಬಾರಿಯದೇ ಬೇಕೆಂದು ಇವಳ ಹಟ. ಇದರಲ್ಲಿ ಅಂಥದ್ದೇನಿದೆ?" ಎಂಬುದು ಅವರ ಪ್ರಶ್ನೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ವಚನಶಾಸ್ತ್ರವನ್ನೂ ಓದಿದವನಿಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ರಸಶಾಸ್ತ್ರದ ಗ್ರಂಥಗಳನ್ನು ಮಗುಚಿದವರಿಗೆ ಈ ಹೊಳಪಿನ ಮೂಲದ್ರವ್ಯ ಹಳೆಯ ಪರಿಚಿತ. ಅದು ಅಭ್ರಕ. ಭದ್ರೆಯ ಮರಳಿನಲ್ಲಿ ಮಿನುಗುವ ಚೂರುಗಳನ್ನು ಹೆಕ್ಕಿ ನಮ್ಮ ಮಕ್ಕಳು ಕಾಗೆಬಂಗಾರ ಎನ್ನುತ್ತಾರಲ್ಲ, ಅದೇ. ಪಿನಾಕ, ದರ್ದುರ, ನಾಗ, ವಜ್ರ ಎಂದು ನಾಲ್ಕು ಬಗೆ ಹೇಳಿ, ಬೆಂಕಿಗಿಟ್ಟಾಗ ವಿಕಾರ ಹೊಂದದ ವಜ್ರಾಭ್ರಕವನ್ನೇ ಔಷಧಕ್ಕೆ ಗ್ರಹಿಸಬೇಕೆಂದು ನಮ್ಮ ವೈದ್ಯರು ವಿಧಿಸಿದ್ದಾರೆ.

ಬಣ್ಣ ಬದಲಾಗುವುದು ಹೇಗೆ? ಎರಡು ಬಣ್ಣ ತೋರುವ ರೇಷ್ಮೆ ಸೀರೆಯಲ್ಲಿ ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು ಬಣ್ಣ. ಮಡಿಕೆ ತಿರುಗಿದಂತೆ ಒಮ್ಮೆ ಅದು, ಒಮ್ಮೆ ಇದು ಮೇಲಾಗಿ ಕಾಣುತ್ತದೆ. ಅಲ್ಲಿ ಎರಡು ಬಣ್ಣಗಳು ನಿಜವಾಗಿ ಇವೆ. ಈ ಕಣ್ಣುಬಣ್ಣದಲ್ಲಿ ಹಾಗಲ್ಲ. ಅಭ್ರಕದ ಅತಿಸೂಕ್ಷ್ಮ ಹಾಳೆಗೆ ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿಯ ದ್ರವ್ಯದ ಲೇಪವನ್ನು ಕೊಡುತ್ತಾರೆ. ಲೇಪದ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು. ಅದರ ಮೇಲ್ಮೈಯಿಂದ ಮರಳುವ ಬೆಳಕೂ ತಳದಿಂದ ಮರಳುವ ಬೆಳಕೂ ಕೂಡಿದಾಗ ಕೆಲವು ಬಣ್ಣಗಳು ಪುಷ್ಟಿಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ಲೇಪ ದಪ್ಪವಾದಂತೆ ಬೆಳ್ಳಿ, ಹೊಂಬಣ್ಣ, ಕೆಂಪು, ನೀಲಿ, ಹಸಿರು ಎಂದು ಕ್ರಮವಾಗಿ ಬದಲಾಗುತ್ತದೆ. ಬಣ್ಣವಿಲ್ಲದ ಎರಡು ವಸ್ತುಗಳು ಸೇರಿ ಬಣ್ಣ ತೋರುತ್ತವೆ. ಮಳೆಗಾಲದ ರಸ್ತೆಯಲ್ಲಿ ನೀರಿನ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಕಾಣುವುದೂ ಇದೇ ವಿದ್ಯಮಾನ. ನಮ್ಮ 500 ರೂಪಾಯಿಯ ನೋಟನ್ನು ಓರೆ ಮಾಡಿದಾಗ ಅದರೊಳಗಿನ ದಾರ ಹಸಿರಿನಿಂದ ನೀಲಿಗೆ ತಿರುಗುವುದನ್ನು ಎಲ್ಲರೂ ನೋಡಿಯೇ ಇದ್ದಾರೆ. ಹಕ್ಕಿಗಳ ಗರಿಯಲ್ಲಿಯೂ ಬೆಳಕಿನ ಇಂತಹ ಲೀಲೆಗಳುಂಟು. ಸರ್ ಸಿ.ವಿ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ಹಕ್ಕಿಗಳ ಗರಿಬಣ್ಣದ ಮೂಲವನ್ನು ಕುರಿತು ಪ್ರಬಂಧವನ್ನೇ ಬರೆದರು. ಅವರು ಪರೀಕ್ಷಿಸಿದ್ದು ಇಂದು ನಮ್ಮ ರಾಜ್ಯಪಕ್ಷಿಯಾಗಿರುವ ನೀಲಕಂಠವನ್ನು.

ಇನ್ನು ಬೆಲೆಯ ಮಾತು. ಡಬ್ಬಿಗಳನ್ನು ಹೋಲಿಸುವಾಗ ಮೊದಲು ತೂಕವನ್ನು ನೋಡಬೇಕು. ಅಗ್ಗದ ಡಬ್ಬಿಯಲ್ಲಿ ಆರು ಬಣ್ಣ, ಒಟ್ಟು 9 ಗ್ರಾಂ. ಗ್ರಾಮಿಗೆ 20 ರೂಪಾಯಿ. ದುಬಾರಿಯದರಲ್ಲಿ ಒಂದೇ ಬಣ್ಣ, 2 ಗ್ರಾಂ, ಗ್ರಾಮಿಗೆ 725. ಈ ಲೆಕ್ಕದಲ್ಲಿ ಅಂತರ ಎಂಟು ಪಟ್ಟಲ್ಲ, ಮೂವತ್ತಾರು ಪಟ್ಟು! ಆದರೆ ಅಗ್ಗದ ಡಬ್ಬಿಯ ಆರರಲ್ಲಿ ಬಣ್ಣ ಬದಲಿಸುವುದು ಒಂದೇ. ಅದರ ಪಾಲು ಒಂದೂವರೆ ಗ್ರಾಂ. ಉಳಿದ ಐದು ಆ ಹುಡುಗಿಗೆ ಬೇಡ. ಹಾಗಾದರೆ ಬೇಕಾದ ಬಣ್ಣಕ್ಕೆ ಗ್ರಾಮಿಗೆ 120 ರೂಪಾಯಿ ಬಿತ್ತು, ಅಂತರ ಆರು ಪಟ್ಟಿಗಿಳಿಯಿತು. ಒಂದೇ ತೋಟದ ಕಾಫಿ ಇಲ್ಲಿ ಮೂಟೆಯಲ್ಲಿದ್ದಾಗ ಒಂದು ಬೆಲೆ, ಮಹಾನಗರದ ಹೋಟೆಲಿನಲ್ಲಿ ಒಂದು ಲೋಟಕ್ಕೆ ಇನ್ನೊಂದು ಬೆಲೆ ಎಂಬುದನ್ನು ಬಲ್ಲ ನಮ್ಮ ಬೆಳೆಗಾರ ಬಂಧುಗಳಿಗೆ ಉಳಿದ ಆರು ಪಟ್ಟಿನ ಗುಟ್ಟನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ವ್ಯತ್ಯಾಸವೆಲ್ಲ ಜಾಹೀರಾತಿನದೆನ್ನುವುದೂ ನ್ಯಾಯವಲ್ಲ. ಡಬ್ಬಿಯ ಬೆನ್ನಿನ ಮೇಲೆ ಘಟಕದ್ರವ್ಯಗಳ ಪಟ್ಟಿಯಿರುತ್ತದೆ. ಪ್ರಮಾಣದಲ್ಲಿ ಹೆಚ್ಚಿನದು ಮೊದಲು. ಅಗ್ಗದ್ದರಲ್ಲಿ ಮೊದಲ ಹೆಸರು ಟಾಲ್ಕ್, ಅಂದರೆ ಮುಖಕ್ಕೆ ಬಳಿಯುವ ಪೌಡರಿನ ಕಲ್ಲುಪುಡಿ, ಬಳಿಕ ಅಭ್ರಕ. ದುಬಾರಿಯದರಲ್ಲಿ ಮೊದಲ ಹೆಸರೇ ಹೊಳಪಿನ ಹಾಳೆಯದು. ಅದೂ ಗಣಿಯ ಅಭ್ರಕವಲ್ಲ. ಕುಲುಮೆಯಲ್ಲಿ ಕರಗಿಸಿ ಹರಳುಗಟ್ಟಿಸಿದ ಕೃತಕ ಅಭ್ರಕ, ಪಟ್ಟಿಯಲ್ಲಿ ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್ ಎಂದು ಮುದ್ರಿಸಿರುತ್ತಾರೆ. ಅದು ಕಲ್ಮಷವಿಲ್ಲದ್ದರಿಂದ ಹೊಳಪು ಹೆಚ್ಚು, ತಯಾರಿಸುವ ವೆಚ್ಚವೂ ಹೆಚ್ಚು. ಆ ಹುಡುಗಿ ಎರಡನ್ನೂ ಅಂಗೈಯ ಹಿಂಭಾಗಕ್ಕೆ ಹಚ್ಚಿ ಬಿಸಿಲಿಗೆ ಹಿಡಿದಳು. ಅಗ್ಗದ್ದು ಮಂಕಾಗಿ ಹಸಿರು ತೋರಿತು, ದುಬಾರಿಯದು ಥಟ್ಟನೆ ಹೊಳೆಯಿತು. ಆಗ ಅಗ್ಗದ ಬಣ್ಣದ ಕೆಳಗೆ ಕಾಡಿಗೆಯನ್ನು ತೆಳುವಾಗಿ ತೀಡಿ ನೋಡೆಂದೆ. ಬಿಳಿಯ ಹಿನ್ನೆಲೆ ಎಲ್ಲ ಬೆಳಕನ್ನೂ ಹಿಂದೂಡಿ ಈ ಸೂಕ್ಷ್ಮ ವರ್ಣವನ್ನು ನುಂಗಿಬಿಡುತ್ತದೆ; ಕಪ್ಪು ಹಿನ್ನೆಲೆ ಬೇಡದ ಬೆಳಕನ್ನು ತಾನೇ ಹೀರಿಕೊಂಡು ವರ್ಣವನ್ನು ಎತ್ತಿ ತೋರಿಸುತ್ತದೆ. ಕಾಡಿಗೆಯ ಮೇಲೆ ಎರಡಕ್ಕೂ ಮಾರು ದೂರದಿಂದ ಭೇದ ಕಾಣಲಿಲ್ಲ. ಈ ಬಣ್ಣಗಳು ಬಿಳಿ ಚರ್ಮಕ್ಕಿಂತ ನಮ್ಮ ಎಣ್ಣೆಗೆಂಪು, ಶ್ಯಾಮಲ ವರ್ಣಗಳ ಮೇಲೆಯೇ ಚೆನ್ನಾಗಿ ತೋರುವುದಕ್ಕೂ ಇದೇ ಕಾರಣ. ಮೈಬಣ್ಣದ ಬಗ್ಗೆ ಕೊರಗುವ ಹೆಣ್ಣುಮಕ್ಕಳು ಇದನ್ನು ನೆನಪಿಡಲಿ.

ನಾನು ಆ ತಾಯಿಗೆ ಹೇಳಬೇಕಾಗಿದ್ದ ಮುಖ್ಯ ವಿಷಯ ಬೇರೆಯದೇ ಇತ್ತು. ದುಬಾರಿ ಡಬ್ಬಿಯ ಪಟ್ಟಿಯ ಕೊನೆಯಲ್ಲಿ ಸಿ.ಐ. 75470 ಎಂಬ ಸಂಖ್ಯೆಯಿತ್ತು. ಇದು ಕಾರ್ಮೈನ್ ಎಂಬ ಕೆಂಪು. ಪೆರು, ಮೆಕ್ಸಿಕೋ ದೇಶಗಳಲ್ಲಿ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೋಚಿನೀಲ್ ಎಂಬ ಹೆಣ್ಣು ಕೀಟಗಳನ್ನು ಕೊಂದು, ಒಣಗಿಸಿ, ಅರೆದು ತೆಗೆಯುವ ವರ್ಣದ್ರವ್ಯ. ಸಿ.ಐ. 75170 ಎಂದಿದ್ದರೆ ಅದು ಗ್ವಾನಿನ್; ಮುತ್ತಿನ ಕಾಂತಿಗಾಗಿ ಸಾಮಾನ್ಯವಾಗಿ ಮೀನಿನ ಹುರುಪೆಯಿಂದ ತೆಗೆದದ್ದು. ಲಿಂಗಧಾರಣೆಯಾದ ಮನೆಗಳಲ್ಲಿ ಅಡುಗೆಯ ಎಣ್ಣೆಯನ್ನೂ ಪರೀಕ್ಷಿಸಿ ಕೊಳ್ಳುವ ನಾವು ವಧುವಿನ ಕಣ್ಣಿಗೆ ಇದನ್ನು ಅರಿಯದೆ ಬಳಿಯುತ್ತಿದ್ದೇವೆ. ರೇಷ್ಮೆ ಉಡುವವರಿಗೆ ಇದೇಕೆ ಅಡ್ಡಿಯೆಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ರೇಷ್ಮೆಯ ಮೂಲವನ್ನು ತಿಳಿದೇ ಉಡುತ್ತೇವೆ, ಬೇಡವೆಂದವರು ಹತ್ತಿ ಉಡುತ್ತಾರೆ. ತಿಳಿಯದೆ ಹಚ್ಚುವವರಿಗೆ ಆ ಆಯ್ಕೆಯೇ ಇರುವುದಿಲ್ಲ. ಅನೇಕ ಡಬ್ಬಿಗಳ ಮೇಲೆ ತಿಂಡಿಯ ಪೊಟ್ಟಣದಲ್ಲಿರುವಂತೆ ಹಸಿರು ಅಥವಾ ಕಂದುಗೆಂಪು ಚುಕ್ಕೆ ಇರುತ್ತದೆ. ಚುಕ್ಕೆ ಕಾಣದಿದ್ದರೆ ಈ ಎರಡು ಸಂಖ್ಯೆಗಳನ್ನು ಹುಡುಕಬೇಕು. 77491, 77492, 77499 ಎಂಬವು ಕಬ್ಬಿಣದ ಆಕ್ಸೈಡುಗಳು, ಕುದುರೆಮುಖದ ಮಣ್ಣಿಗೆ ಬಣ್ಣ ಕೊಟ್ಟ ದ್ರವ್ಯದ ಬಳಗ. ಅವುಗಳಿಗೆ ಈ ದೋಷವಿಲ್ಲ.

ಹಾಗಾದರೆ ಅಗ್ಗದ್ದೇ ಶುದ್ಧವೆನ್ನೋಣವೆ? ಅದರಲ್ಲಿ ಕೀಟವಿಲ್ಲ, ನಿಜ. ಆದರೆ ಅದರ ಅಭ್ರಕ ಗಣಿಯದು. ಝಾರ್ಖಂಡದ ಕೋಡರ್ಮಾ, ಗಿರಿಡೀಹ್ ಜಿಲ್ಲೆಗಳ ಗಣಿಗಳಲ್ಲಿ ಅನೇಕವು 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ನಂತರ ಮುಚ್ಚಿದವು. ಗಣಿ ಮುಚ್ಚಿತೇ ಹೊರತು ಹಸಿವು ಮುಚ್ಚಲಿಲ್ಲ. ಬಿಟ್ಟುಹೋದ ಗುಂಡಿಗಳಲ್ಲಿ ಬಡ ಕುಟುಂಬಗಳು ಮಕ್ಕಳ ಸಮೇತ ಚೂರು ಅಭ್ರಕವನ್ನು ಹೆಕ್ಕುತ್ತ ಬಂದಿವೆ. 2016ರಲ್ಲಿ ಥಾಮ್ಸನ್ ರಾಯಿಟರ್ಸ್ ಪ್ರತಿಷ್ಠಾನದ ಪತ್ರಕರ್ತರು ಎರಡು ತಿಂಗಳಲ್ಲಿ ಏಳು ಮಕ್ಕಳು ಇಂತಹ ಗುಂಡಿಗಳಲ್ಲಿ ಸತ್ತದ್ದನ್ನು ಬಯಲಿಗೆ ತಂದರು. ಮರುವರ್ಷ ಪ್ಯಾರಿಸ್ಸಿನಲ್ಲಿ ಪ್ರಸಾಧನ ಮತ್ತು ಬಣ್ಣದ ಕಂಪನಿಗಳು ಸೇರಿ ರೆಸ್ಪಾನ್ಸಿಬಲ್ ಮೈಕಾ ಇನಿಷಿಯೇಟಿವ್ ಎಂಬ ಸಂಸ್ಥೆಯನ್ನು ಕಟ್ಟಿದವು. ಚೆಲ್ಲಿದ ಅಕ್ಕಿಯನ್ನು ಆಯುವುದನ್ನೇ ಕಾಯಕವಾಗಿಸಿಕೊಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದವಳು ಆಯ್ದಕ್ಕಿ ಲಕ್ಕಮ್ಮ. ಆಯುವವರ ಕೈಯನ್ನು ಇಷ್ಟು ಗೌರವದಿಂದ ಕಂಡ ಪರಂಪರೆಯವರು ನಾವು. ಶಾಲೆಗೆ ಹೋಗಬೇಕಾದ ಮಗು ಗುಂಡಿಯಲ್ಲಿ ಆಯ್ದದ್ದನ್ನು ಕಾಯಕದ ಫಲವೆಂದು ನನ್ನಿಂದ ಕರೆಯಲಾಗದು. ಅಗ್ಗದ ಡಬ್ಬಿಯ ಅಭ್ರಕ ಎಲ್ಲಿಯದೆಂದು ಅದರ ಮೇಲೆ ಬರೆದಿರಲಿಲ್ಲ.

ಕೃತಕ ಅಭ್ರಕವಿದ್ದು ಹಸಿರು ಚುಕ್ಕೆಯೂ ಇರುವ, ಇವೆರಡರ ನಡುವಣ ಬೆಲೆಯ ಡಬ್ಬಿಯನ್ನು ಹುಡುಕಿರೆಂದು ತಾಯಿಗೆ ಹೇಳಿದೆ. ಮಗಳು ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಅಂತಹದನ್ನು 450 ರೂಪಾಯಿಗೆ ತಂದಳೆಂದು ಆಮೇಲೆ ತಿಳಿಯಿತು. ಸಂತೆಯಲ್ಲಿ ಹೆಸರಿಲ್ಲದೆ ಮಾರುವ ಮಿನುಗುಪುಡಿಯನ್ನಂತೂ ಕಣ್ಣಿನ ಹತ್ತಿರ ತರಲೇಬಾರದು. ಕಾಗದಕ್ಕೂ ಮಂಟಪಕ್ಕೂ ಅಂಟಿಸುವ ಪ್ಲಾಸ್ಟಿಕ್ ಚೂರು ಕಣ್ಣನ್ನು ಗೀರುತ್ತದೆ. ತಯಾರಕರ ಲೈಸೆನ್ಸ್ ಸಂಖ್ಯೆ ಅಥವಾ ಆಮದಿನ ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಇಲ್ಲದ ಡಬ್ಬಿ ಎಷ್ಟು ಅಗ್ಗವಾದರೂ ಬೇಡ. ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 20 ಭಾಗವನ್ನು ಮೀರಬಾರದೆಂಬುದು ನಮ್ಮ ದೇಶದ ನಿಯಮ. ಹೆಸರಿಲ್ಲದ ಪುಡಿಗೆ ಅದನ್ನು ಅನ್ವಯಿಸುವವರು ಯಾರು?

ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುವ ಮೊದಲು ಇದನ್ನು ತೊಳೆಯಬೇಕೆ ಎಂದು ಆ ಹುಡುಗಿಯೇ ಕೇಳಿದಳು. ತೊಳೆಯುವುದು ಒಳ್ಳೆಯದು. ಅರೆತೆರೆದ ಕಣ್ಣಿನಿಂದ ಲಿಂಗವನ್ನು ದಿಟ್ಟಿಸುವಾಗ ರೆಪ್ಪೆಯ ಕಣ ಒಂದು ಉದುರಿದರೂ ಅನುಸಂಧಾನ ಕೆಡುತ್ತದೆ. ಒಬ್ಬರ ಕುಂಚವನ್ನು ಇನ್ನೊಬ್ಬರು ಬಳಸಬಾರದು. ಕಣ್ಣುಬೇನೆ ಹರಡುವುದು ಹೀಗೆಯೇ. ಪಾರ್ಲರಿನವರಿಗೆ ಮುಂಚಿತವಾಗಿ ಹೇಳಿ ಮನೆಯ ಕುಂಚವನ್ನೇ ಕೊಡಬಹುದು. ಮದುವೆ ಮುಗಿದ ಮೇಲೆ ಡಬ್ಬಿಯನ್ನು ಬೀರುವಿನಲ್ಲಿ ಮರೆತಿಡುವವರೇ ಹೆಚ್ಚು. ಕಳಸದ ಕಡೆಯ ಮಳೆಗಾಲದಲ್ಲಿ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತದೆ. ಒದ್ದೆ ಬೆರಳು ತಾಗಿದ ಬಣ್ಣದ ಪುಡಿಗೆ ಹಿಡಿಯದಿರುತ್ತದೆಯೇ? ಮಳೆ ಕಳೆದ ಮೇಲೆ ತೆಗೆದು ಮೂಸಿ ನೋಡಿ, ವಾಸನೆ ಬದಲಾಗಿದ್ದರೆ 180ರದಾಗಲಿ 1,450ರದಾಗಲಿ ಎಸೆದುಬಿಡಿ.