ಬಚ್ಚಲಿಗೆ ಓಡಬೇಡಿ, ನಿಲ್ಲಿ

ಅಮ್ಮನೋ ಅತ್ತೆಯೋ ಇದ್ದಕ್ಕಿದ್ದಂತೆ ತೊಡೆ ಬಿಗಿಹಿಡಿದು, ಸೀರೆ ನೆರಿಗೆ ಎತ್ತಿಕೊಂಡು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಬಚ್ಚಲ ಕಡೆ ಹೋಗೋದು ನೋಡಿದ್ದೀರಾ? ಮಂಡಿನೋವು ಅಂದ್ಕೊಂಡು ಸುಮ್ಮನಾಗ್ತೀವಿ. ಎಷ್ಟೋ ಸಲ ಅದು ಮೂತ್ರ ತಡೆಯಲಾಗದ ತೊಂದರೆ. ಹೇಳ್ಕೊಳ್ಳೋಕೆ ನಾಚಿಕೆ, ಅಷ್ಟೆ.

ಮೂತ್ರಕೋಶ ಅವಸರ ಮಾಡಿದಾಗ ಮೆದುಳಿಗೆ ಎರಡು ಕೆಲಸ: ತಡೀಬೇಕು, ನಡೀಬೇಕು. ಗಮನ ಹಂಚಿಹೋಗುತ್ತೆ. ನಡಿಗೆ ನಿಧಾನವಾಗುತ್ತೆ, ಹೆಜ್ಜೆ ಚಿಕ್ಕದಾಗುತ್ತೆ. ಇದು ಅಳೆದು ನೋಡಿದ ಸಂಗತಿ. ಈಗ ಯೋಚಿಸಿ: ರಾತ್ರಿ 2 ಗಂಟೆ, ಕತ್ತಲೆ, ಒದ್ದೆ ನೆಲ, ಅದರ ಮೇಲೆ ಈ ನಡಿಗೆ. ವಯಸ್ಸಾದ ಹೆಂಗಸರು ಬಿದ್ದು ಮೂಳೆ ಮುರಿದುಕೊಳ್ಳೋದಕ್ಕೆ ಇದೂ ಒಂದು ಕಾರಣ.

ಅವಸರ ಬಂದಾಗ ಓಡಬೇಡಿ. ನಿಲ್ಲಿ, ಇಲ್ಲಾ ಕೂತ್ಕೊಳ್ಳಿ. ಗ್ಯಾಸ್ ತಡೆಯುವಾಗ ಬಿಗಿಯಾಗುತ್ತಲ್ಲ, ಆ ಸ್ನಾಯುವನ್ನ ಐದಾರು ಸಲ ಬಿಗಿ ಮಾಡಿ, ಬಿಡಿ. ಒತ್ತಡ ಇಳಿದ ಮೇಲೆ ಎಂದಿನಂತೆ ನಡೆಯಿರಿ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಈ ಸ್ನಾಯುಗಳ ವ್ಯಾಯಾಮದ ಬಗ್ಗೆ ಬರೆದಿದ್ದರು. ದಿನಾ ಮಾಡಿದರೆ ಮೂರು ತಿಂಗಳಲ್ಲಿ ಬಹಳ ಜನರಿಗೆ ಗುಣ ಕಾಣುತ್ತೆ. ಕಾಣದಿದ್ದರೆ ಡಾಕ್ಟರಿಗೆ ತೋರಿಸಿ, ಔಷಧಿಯೂ ಇದೆ.

ಇವತ್ತೇ ಬಚ್ಚಲ ದಾರಿಗೊಂದು ಸಣ್ಣ ಲೈಟ್ ಹಾಕಿಸಿ.